ಪೆಟ್ಟಿಗೆಯಲ್ಲಿ ಎಷ್ಟಿದೆ, ಇನ್ನೆಷ್ಟು ಬೇಕು? ಆಟದ ಲೆಕ್ಕದ ಬಗ್ಗೆ ಓದುಗರ ಪ್ರಶ್ನೆಗಳು

ಹೋದ ಸಂಚಿಕೆಯಲ್ಲಿ, ಆಟದ ಸಾಮಾನಿಗೆಲ್ಲ ನಾನು ಸ್ಪ್ರೆಡ್‌ಶೀಟ್ ಇಟ್ಟಿದ್ದೇನೆ ಎಂದು ಒಂದು ಸಾಲು ಬರೆದಿದ್ದೆ. ಅಷ್ಟೇ ಬರೆದದ್ದು. ಈ ಸಲ ಬಂದ ಪತ್ರಗಳೆಲ್ಲ ಅದರ ಬಗ್ಗೆಯೇ. ಹೊಸಬರಿಗೆ ಹೇಳಿಬಿಡುತ್ತೇನೆ: ನನ್ನ ಹಗಲಿನ ಕೆಲಸ ಒಂದು ಕಾರ್ಖಾನೆಯ ಸ್ಟೋರ್‌ನಲ್ಲಿ. ಬಂದ ಮಾಲು, ಹೋದ ಮಾಲು, ಉಳಿದ ಮಾಲು ಬರೆಯುವುದು. ರಾತ್ರಿ ಆಟಕ್ಕೆ ಕೂತರೂ ಅದನ್ನೇ ಮಾಡುತ್ತೀಯಲ್ಲ ಎಂದು ಮನೆಯವರು ನಗುತ್ತಾರೆ. ನಗಲಿ ಬಿಡಿ. ಅವರ ಪೆಟ್ಟಿಗೆಯಲ್ಲಿ ಏನಿದೆ ಎಂದು ಅವರಿಗೇ ಗೊತ್ತಿರುವುದಿಲ್ಲ.

ಪತ್ರ ಬರೆದವರು ಹಾಕಿದ ಅಡ್ಡಹೆಸರುಗಳನ್ನು ಹಾಗೇ ಉಳಿಸಿದ್ದೇನೆ.

ಪ್ರಶ್ನೆ: ಅಕ್ಕ, ಮೈನ್‌ಕ್ರಾಫ್ಟ್‌ನಲ್ಲಿ ನನ್ನ ಹತ್ತಿರ ಇರುವ ಎಲ್ಲ ಐಟಂಗಳ ಪಟ್ಟಿಯನ್ನು ಎಕ್ಸೆಲ್‌ನಲ್ಲಿ ಮಾಡಿದೆ. ಮುನ್ನೂರು ಸಾಲು ಆಯಿತು. ಸ್ವಲ್ಪ ದಿನ ಸರಿಯಾಗಿ ತುಂಬಿದೆ. ಈಗ ಶೀಟ್ ಒಂದು ಹೇಳುತ್ತೆ, ಪೆಟ್ಟಿಗೆ ಇನ್ನೊಂದು ಹೇಳುತ್ತೆ. ಬಿಟ್ಟುಬಿಡಲಾ?
— ಪೆಟ್ಟಿಗೆ ಹುಳ

ಉತ್ತರ: ಶೀಟ್ ಬಿಡಬೇಡಿ, ಆ ಮುನ್ನೂರು ಸಾಲು ಬಿಡಿ. ನಿಮ್ಮ ಹತ್ತಿರ ಏನೇನಿದೆ ಎಂದು ತೋರಿಸಲು ಆಟವೇ ಇದೆ. ಪೆಟ್ಟಿಗೆ ತೆರೆದರೆ ಕಾಣುತ್ತದೆ. ಆಟ ಹೇಳದೆ ಇರುವುದು ಒಂದೇ ಮಾತು: ಮುಂದೆ ಏನು ತರಬೇಕು, ಎಷ್ಟು ತರಬೇಕು? ಶೀಟ್ ಆ ಪ್ರಶ್ನೆಗೆ ಉತ್ತರ ಕೊಟ್ಟರೆ ಸಾಕು. ಕೊಡದಿದ್ದರೆ ಅದು ಸುಮ್ನೆ ಇನ್ನೊಂದು ಕೆಲಸ.

ಒಂದು ಉದಾಹರಣೆ ಹಿಡಿಯೋಣ. ಆಯುಧಕ್ಕೆ ಮಂತ್ರಶಕ್ತಿ ತುಂಬುವ ಎನ್‌ಚಾಂಟಿಂಗ್ ಟೇಬಲ್ ಸುತ್ತ 15 ಬುಕ್‌ಶೆಲ್ಫ್ ಇಡಬೇಕು, ಆಗಲೇ 30ನೇ ಲೆವೆಲ್ ಸಿಗುವುದು. ಒಂದು ಬುಕ್‌ಶೆಲ್ಫ್‌ಗೆ 6 ಹಲಗೆ, 3 ಪುಸ್ತಕ. ಒಂದು ಪುಸ್ತಕಕ್ಕೆ 3 ಕಾಗದ, 1 ಚರ್ಮ. ಮೂರು ಕಬ್ಬಿನಿಂದ ಮೂರು ಕಾಗದ. ಬಾಯಿಲೆಕ್ಕದಲ್ಲೇ 45 ಪುಸ್ತಕ, 90 ಹಲಗೆ ಎಂದು ಹೇಳಿಬಿಡಬಹುದು. ಆದರೆ ಟೇಬಲ್ ಇನ್ನೂ ಮಾಡಿಲ್ಲದಿದ್ದರೆ ಅದಕ್ಕೂ ಒಂದು ಪುಸ್ತಕ ಬೇಕು. ಜತೆಗೆ 2 ವಜ್ರ, 4 ಅಬ್ಸಿಡಿಯನ್. ಆಗ ಪುಸ್ತಕ 46, ಕಾಗದ 138, ಚರ್ಮ 46. ಈ ಒಂದು ಪುಸ್ತಕವೇ ಎಲ್ಲರನ್ನೂ ಮತ್ತೆ ಹಸು ಹುಡುಕಿಕೊಂಡು ಓಡಿಸುವುದು.

ಇದಕ್ಕೆ ಮೂರು ಟ್ಯಾಬ್ ಸಾಕು. ಮೊದಲನೆಯದು ರೆಸಿಪಿ. ಇಲ್ಲಿ ಹೆಚ್ಚಿನವರು ಒಂದು ವಸ್ತುವಿಗೆ ಒಂದು ಸಾಲು ಹಾಕಿ, ಸಾಮಗ್ರಿ ಒಂದು, ಸಾಮಗ್ರಿ ಎರಡು ಎಂದು ಅಡ್ಡಡ್ಡ ಕಾಲಂ ಬೆಳೆಸುತ್ತಾರೆ. ನೋಡಲು ಚೆಂದ, ಕೂಡಿಸಲು ಕಷ್ಟ. ಹಾಗೆ ಮಾಡಬೇಡಿ. ಒಂದು ಸಾಮಗ್ರಿಗೆ ಒಂದು ಸಾಲು ಕೊಡಿ. ಬುಕ್‌ಶೆಲ್ಫ್, ಹಲಗೆ, 6. ಕೆಳಗಿನ ಸಾಲಿನಲ್ಲಿ ಮತ್ತೆ ಬುಕ್‌ಶೆಲ್ಫ್, ಪುಸ್ತಕ, 3. ಹೆಸರು ಎರಡು ಸಲ ಬಂತು ಎಂದು ಬೇಜಾರು ಬೇಡ. ಹೀಗಿದ್ದರೆ "ಹಲಗೆ ಒಟ್ಟು ಎಷ್ಟು" ಎಂಬುದನ್ನು ಸಮ್‌ಇಫ್ (ಒಂದು ಹೆಸರಿನ ಸಾಲುಗಳನ್ನಷ್ಟೇ ಹುಡುಕಿ ಕೂಡಿಸುವ ಫಾರ್ಮುಲಾ) ಒಂದೇ ಏಟಿಗೆ ಹೇಳುತ್ತದೆ, ನೀವು ಎಷ್ಟು ವಸ್ತು ಮಾಡಲು ಹೊರಟಿದ್ದರೂ ಸರಿ. ಪ್ರತಿ ಸಾಲಿನಲ್ಲಿ ಇನ್ನೊಂದು ಕಾಲಂ ಇರಲಿ: ಒಂದು ಸಲ ಮಾಡಿದರೆ ಎಷ್ಟು ಬರುತ್ತದೆ. ಒಂದು ಕಲ್ಲಿದ್ದಲು, ಒಂದು ಕಡ್ಡಿ ಸೇರಿದರೆ ನಾಲ್ಕು ಟಾರ್ಚ್ ಅಲ್ವಾ? ಆ ನಾಲ್ಕನ್ನು ಬರೆಯದಿದ್ದರೆ ಕಲ್ಲಿದ್ದಲಿನ ಲೆಕ್ಕ ನಾಲ್ಕು ಪಟ್ಟು ತಪ್ಪುತ್ತದೆ.

ಎರಡನೆಯ ಟ್ಯಾಬ್ ಗುರಿ. ಈಗ ಏನು ಮಾಡಬೇಕೆಂದಿದ್ದೀರಿ, ಅದು ಮಾತ್ರ. ಮೂರನೆಯದು ದಾಸ್ತಾನು, ಅದೂ ಗುರಿಗೆ ಬೇಕಾದ ಸಾಮಗ್ರಿಯದ್ದು ಮಾತ್ರ. ನಿಮ್ಮ ಮುನ್ನೂರು ಸಾಲು ಈಗ ಹತ್ತೋ ಹನ್ನೆರಡೋ ಆಗುತ್ತದೆ. ಹೂವು, ಮಣ್ಣು, ಬೀಜ ಎಣಿಸುವ ಕೆಲಸ ಬೇಡ.

ಇನ್ನೊಂದು ವಿಷಯ. ಕಳೆಯುವುದನ್ನು ಮೇಲಿನಿಂದ ಶುರು ಮಾಡಿ. ಪೆಟ್ಟಿಗೆಯಲ್ಲಿ ಆಗಲೇ 10 ಪುಸ್ತಕ ಇವೆ ಎಂದುಕೊಳ್ಳಿ. 46ರಲ್ಲಿ 10 ಕಳೆದು 36 ಪುಸ್ತಕಕ್ಕೆ ಮಾತ್ರ ಕಾಗದ, ಚರ್ಮ ಲೆಕ್ಕ ಹಾಕಬೇಕು. 108 ಕಾಗದ, 36 ಚರ್ಮ. ನೇರವಾಗಿ ಕಬ್ಬಿನ ತನಕ ಇಳಿದು ಕೊನೆಯಲ್ಲಿ ಕಬ್ಬಿನ ದಾಸ್ತಾನು ಮಾತ್ರ ಕಳೆದರೆ, ಪೆಟ್ಟಿಗೆಯಲ್ಲಿರುವ ಪುಸ್ತಕ ಲೆಕ್ಕಕ್ಕೇ ಬರುವುದಿಲ್ಲ. ಕಾರ್ಖಾನೆಯಲ್ಲಿ ಬಿಲ್ ಆಫ್ ಮೆಟೀರಿಯಲ್ಸ್ (ಒಂದು ವಸ್ತುವಿಗೆ ಬೇಕಾದ ಸಾಮಗ್ರಿಗಳ ಪಟ್ಟಿ) ಬಿಚ್ಚುವಾಗಲೂ ಇದೇ ಕ್ರಮ: ಮೇಲಿನ ಹಂತದ ದಾಸ್ತಾನು ಕಳೆದ ಮೇಲೆ ಕೆಳಗಿನ ಹಂತಕ್ಕೆ ಇಳಿಯುವುದು.

ಪ್ರಶ್ನೆ: 15 ಬುಕ್‌ಶೆಲ್ಫ್‌ಗೆ ನನ್ನ ಶೀಟ್ "22.5 ಮರದ ದಿಮ್ಮಿ" ಎನ್ನುತ್ತದೆ. ಅರ್ಧ ದಿಮ್ಮಿ ಎಲ್ಲಿ ಸಿಗುತ್ತೆ ಮೇಡಂ? ರೌಂಡ್‌ಅಪ್ ಹಾಕಿದೆ. ಈಗ 30 ಎನ್ನುತ್ತದೆ. ಯಾವುದು ಸರಿ?
— ಅರ್ಧ ದಿಮ್ಮಿ

ಉತ್ತರ: 23. ನೀವು ರೌಂಡ್‌ಅಪ್ ಅನ್ನು, ಅಂದರೆ ಮುಂದಿನ ಪೂರ್ತಿ ಸಂಖ್ಯೆಗೆ ಏರಿಸುವ ಫಾರ್ಮುಲಾವನ್ನು, ಬೇಗ ಹಾಕಿದ್ದೀರಿ. ಒಂದು ದಿಮ್ಮಿಗೆ 4 ಹಲಗೆ, ಒಂದು ಬುಕ್‌ಶೆಲ್ಫ್‌ಗೆ 6 ಹಲಗೆ. ಅಂದರೆ ಒಂದಕ್ಕೆ ಒಂದೂವರೆ ದಿಮ್ಮಿ. ಅದನ್ನು ಅಲ್ಲೇ 2 ಎಂದು ಏರಿಸಿ 15ರಿಂದ ಗುಣಿಸಿದ್ದೀರಿ, 30 ಬಂತು. ಮೊದಲು ಎಲ್ಲ ಹಲಗೆ ಕೂಡಿಸಿ, 90. ಆಮೇಲೆ 4ರಿಂದ ಭಾಗಿಸಿ, 22.5. ಈಗ ಏರಿಸಿ, 23. ಎರಡು ಹಲಗೆ ಮಿಗುತ್ತದೆ, ಅಷ್ಟೇ. ಕೂಡಿಸುವುದು ಮೊದಲು, ಏರಿಸುವುದು ಆಮೇಲೆ.

ಹಾಗೆಂದು ಎಲ್ಲ ಆಟದಲ್ಲೂ ಕೊನೆಯಲ್ಲೇ ಏರಿಸಿ ಎನ್ನಲಾರೆ. ಆಟ ಎಲ್ಲಿ ಏರಿಸುತ್ತದೋ ನೀವೂ ಅಲ್ಲೇ ಏರಿಸಬೇಕು. ಈವ್ ಆನ್‌ಲೈನ್ ನೋಡಿ, ಬಾಹ್ಯಾಕಾಶದಲ್ಲಿ ಹಡಗು ಕಟ್ಟಿ ಮಾರುವ ಆಟ. ಅದರಲ್ಲಿ ಬ್ಲೂಪ್ರಿಂಟ್‌ಗೆ (ವಸ್ತು ಮಾಡುವ ನಕ್ಷೆಗೆ) ಮೆಟೀರಿಯಲ್ ಎಫಿಷಿಯೆನ್ಸಿ ಎಂದು ಇದೆ, 10ರ ತನಕ ಏರಿಸಬಹುದು, ಒಂದೊಂದು ಹಂತಕ್ಕೆ ಶೇಕಡಾ 1 ಸಾಮಗ್ರಿ ಉಳಿಯುತ್ತದೆ. ಒಂದು ಸಾಮಗ್ರಿ ಮೂಲದಲ್ಲಿ 5 ಬೇಕು ಎಂದುಕೊಳ್ಳಿ. ಶೇಕಡಾ 10 ಕಳೆದರೆ 4.5. ಒಂದೇ ಒಂದು ಮಾಡಿದರೆ ಆಟ ಅದನ್ನು 5ಕ್ಕೆ ಏರಿಸುತ್ತದೆ, ಉಳಿತಾಯ ಸೊನ್ನೆ. ಹತ್ತನ್ನು ಒಂದೇ ಜಾಬ್‌ನಲ್ಲಿ, ಅಂದರೆ ಒಂದೇ ಸಲದ ತಯಾರಿಯಲ್ಲಿ, ಹಾಕಿದರೆ 45 ಸಾಕು. ಬೇರೆ ಬೇರೆ ಹತ್ತು ಜಾಬ್ ಹಾಕಿದರೆ 50. ಏರಿಸುವುದು ಜಾಬ್ ಲೆಕ್ಕದಲ್ಲಿ, ಅದಕ್ಕೇ ಈ ವ್ಯತ್ಯಾಸ. ಮತ್ತೆ ಮೂಲದಲ್ಲೇ ಒಂದು ಬೇಕಾಗುವ ಸಾಮಗ್ರಿ ಎಷ್ಟೇ ಎಫಿಷಿಯೆನ್ಸಿ ಇದ್ದರೂ ಒಂದೇ ಬೇಕು, ಅದಕ್ಕಿಂತ ಕೆಳಗೆ ಇಳಿಯುವುದಿಲ್ಲ. ಹಾಗಾಗಿ ಆ ಆಟದ ಶೀಟಿನಲ್ಲಿ ರೌಂಡ್‌ಅಪ್ ಜತೆ ಮ್ಯಾಕ್ಸ್ ಕೂಡ ಬೇಕು: ಏರಿಸಿದ ಸಂಖ್ಯೆ, ಎಷ್ಟು ಮಾಡುತ್ತಿದ್ದೀರೋ ಆ ಸಂಖ್ಯೆ, ಎರಡರಲ್ಲಿ ದೊಡ್ಡದು ಯಾವುದೋ ಅದು.

ಪ್ರಶ್ನೆ: ಗೆನ್‌ಶಿನ್ ಇಂಪ್ಯಾಕ್ಟ್ ಆಡುತ್ತೇನೆ. ಮೂರು ಕೆಳದರ್ಜೆ ಐಟಂ ಸೇರಿಸಿದರೆ ಒಂದು ಮೇಲ್ದರ್ಜೆ ಸಿಗುತ್ತದೆ. ಎಲ್ಲವನ್ನೂ ಕೆಳದರ್ಜೆಗೆ ಬದಲಿಸಿ ಕೂಡಿಸಿದರೆ ಸಾಕಲ್ಲವೇ? ಶೀಟ್ "ಸಾಕು" ಎನ್ನುತ್ತದೆ, ಆಟ "ಸಾಲದು" ಎನ್ನುತ್ತದೆ.
— ಮೂರಕ್ಕೊಂದು

ಉತ್ತರ: ಈ ಸಲದ ಪತ್ರಗಳಲ್ಲಿ ನನಗೆ ಇಷ್ಟವಾದ ಪ್ರಶ್ನೆ ಇದು. ಸ್ವಲ್ಪ ಉದ್ದ ಬರೆಯುತ್ತೇನೆ, ತಾಳ್ಮೆ ಇರಲಿ.

ಒಂದು ಪಾತ್ರವನ್ನು 90ನೇ ಲೆವೆಲ್‌ವರೆಗೆ ಏರಿಸಲು, ಸಾಮಾನ್ಯ ಶತ್ರುಗಳು ಬಿಡುವ ಸಾಮಗ್ರಿಯಲ್ಲಿ ಬಿಳಿ (ಕೆಳದರ್ಜೆ) 18, ಹಸಿರು (ನಡುದರ್ಜೆ) 30, ನೀಲಿ (ಮೇಲ್ದರ್ಜೆ) 36 ಬೇಕು. ಪ್ರತಿಭೆ ಏರಿಸುವುದಕ್ಕೆ ಬೇರೆ, ಅದನ್ನು ಈಗ ಬಿಡೋಣ. ಎಲ್ಲ ಬಿಳಿಗೆ ಬದಲಿಸಿದರೆ 18, ಜತೆಗೆ 30 ಹಸಿರಿಗೆ 90, 36 ನೀಲಿಗೆ 324. ಒಟ್ಟು 432. ನಿಮ್ಮ ಶೀಟಿನಲ್ಲೂ ಇದೇ ಸಂಖ್ಯೆ ಇದೆ, ಸರಿಯಾಗಿದೆ.

ತೊಂದರೆ ಏನೆಂದರೆ ಇಲ್ಲಿ ದಾರಿ ಮೇಲಕ್ಕೆ ಮಾತ್ರ. ನೀಲಿಯನ್ನು ಒಡೆದು ಬಿಳಿ ಮಾಡಲಾಗದು. ನಿಮ್ಮ ಹತ್ತಿರ 48 ನೀಲಿ ಇದ್ದು ಬೇರೇನೂ ಇಲ್ಲ ಎಂದುಕೊಳ್ಳಿ. 48 ಗುಣಿಸು 9, ಸರಿಯಾಗಿ 432. ಶೀಟ್ "ಸಾಕು" ಎನ್ನುತ್ತದೆ. ಆದರೆ ಮೊದಲ ಹಂತಕ್ಕೇ ಬೇಕಾದ ಬಿಳಿ ಒಂದೂ ಇಲ್ಲ.

ಹಾಗಾಗಿ ಕೂಡಿಸುವ ಬದಲು ಮಿಕ್ಕಿದ್ದನ್ನು ಮೇಲಕ್ಕೆ ಸಾಗಿಸಿ. ನಿಮ್ಮ ಹತ್ತಿರ ಬಿಳಿ 100, ಹಸಿರು 40, ನೀಲಿ 10 ಇದೆ ಎನ್ನೋಣ. ಬಿಳಿಯಲ್ಲಿ 18 ಎತ್ತಿಟ್ಟರೆ 82 ಮಿಕ್ಕಿತು. ಮೂರರಿಂದ ಭಾಗಿಸಿ ಪೂರ್ತಿ ಸಂಖ್ಯೆ ಮಾತ್ರ ತೆಗೆದುಕೊಳ್ಳಿ, 27. ಅದು ಹಸಿರಿಗೆ ಹೋಗಿ 40 ಇದ್ದದ್ದು 67 ಆಯಿತು. 30 ಎತ್ತಿಟ್ಟರೆ 37 ಮಿಕ್ಕಿತು. ಮತ್ತೆ ಮೂರರಿಂದ ಭಾಗಿಸಿ, 12. ನೀಲಿ 10 ಇದ್ದದ್ದು 22 ಆಯಿತು. ಬೇಕಾದ್ದು 36. ಕೊರತೆ 14 ನೀಲಿ, ಅಂದರೆ ಬಿಳಿಯಲ್ಲಿ 126.

ನಿಮ್ಮ ಹಳೆಯ ಲೆಕ್ಕದಲ್ಲಿ ಏನು ಬರುತ್ತಿತ್ತು? ಇದ್ದದ್ದು 100, 120, 90 ಸೇರಿ 310. ಕೊರತೆ 122. ಈ ನಾಲ್ಕರ ವ್ಯತ್ಯಾಸ ಮೂರರ ಗುಂಪಿಗೆ ಸೇರದೆ ತಳದಲ್ಲಿ ಉಳಿದ ಚಿಲ್ಲರೆ: ಒಂದು ಬಿಳಿ, ಒಂದು ಹಸಿರು. ಹೊಸ ಬಿಳಿ ತಂದಾಗ ಆ ಚಿಲ್ಲರೆಯೂ ಗುಂಪಿಗೆ ಸೇರುತ್ತದೆ, ಆಗ 122 ತಂದರೂ ಸಾಕು.

ಶೀಟಿನಲ್ಲಿ ಇದಕ್ಕೆ ಬೇಕಾದ ಫಾರ್ಮುಲಾ ಕೋಷೆಂಟ್, ಭಾಗಿಸಿ ಪೂರ್ತಿ ಸಂಖ್ಯೆ ಮಾತ್ರ ಕೊಡುತ್ತದೆ. ಮಿಕ್ಕಿದ್ದು ಸೊನ್ನೆಗಿಂತ ಕಡಿಮೆ ಬಂದರೆ ಸೊನ್ನೆ ಎಂದೇ ಹಿಡಿಯಬೇಕು, ಅದಕ್ಕೆ ಒಂದು ಮ್ಯಾಕ್ಸ್ ಸೇರಿಸಿ. ಇಲ್ಲದಿದ್ದರೆ ಬಿಳಿಯ ಕೊರತೆ ಹೋಗಿ ಹಸಿರನ್ನು ತಿನ್ನುತ್ತದೆ. ಮೂರೂ ಬಣ್ಣಕ್ಕೆ ಕೊರತೆಯ ಕಾಲಂ ಬೇರೆ ಬೇರೆ ಇರಲಿ. ಒಂದೇ ಮೊತ್ತ ತೋರಿಸುವ ಆಸೆ ಬಿಡಿ.

ಅಂದಹಾಗೆ, ಶೀಟಿನಲ್ಲಿ ಈ ಅನುಪಾತವನ್ನು "3-1" ಎಂದು ಬರೆಯಬೇಡಿ. ಎಂಟರ್ ಒತ್ತಿದ ಕೂಡಲೇ ಅದು ತಾರೀಕಾಗಿಬಿಡುತ್ತದೆ. ಒಂದು ಸೆಲ್‌ನಲ್ಲಿ 3 ಎಂದು ಬರೆದು, ಅದರ ಪಕ್ಕದಲ್ಲಿ ಇದು ಯಾವುದರ ಸಂಖ್ಯೆ ಎಂದು ಬರೆಯಿರಿ.

ಪ್ರಶ್ನೆ: ಪೆಟ್ಟಿಗೆಯಲ್ಲಿ ರೆಡ್‌ಸ್ಟೋನ್ ಇದೆ. ಶೀಟಿನಲ್ಲಿ ರೆಡ್‌ಸ್ಟೋನ್ ಬರೆದಿದ್ದೇನೆ. ಸಮ್‌ಇಫ್ ಮಾತ್ರ ಸೊನ್ನೆ ತೋರಿಸುತ್ತದೆ. ಎರಡು ಸಾಲನ್ನೂ ಅಕ್ಷರ ಅಕ್ಷರ ಹೋಲಿಸಿದೆ, ಒಂದೇ ಇದೆ. ತಲೆ ಕೆಟ್ಟಿದೆ.
— ಸೊನ್ನೆ ರಾಯ

ಉತ್ತರ: ನಿಮ್ಮ ಕಣ್ಣಿಗೆ ಒಂದೇ, ಶೀಟಿಗೆ ಎರಡು. ಕನ್ನಡದಲ್ಲಿ ಹೆಸರು ಬರೆಯುವವರಿಗೆ ಇದು ಸಾಮಾನ್ಯ. "ಡ್" ಮತ್ತು "ಸ್ಟೋ" ಒತ್ತಕ್ಷರವಾಗಿ ಅಂಟಿಕೊಳ್ಳದಿರಲು ನಡುವೆ ಕಣ್ಣಿಗೆ ಕಾಣದ ಒಂದು ಅಕ್ಷರ ಹಾಕುತ್ತೇವೆ. ಅದರ ಯೂನಿಕೋಡ್ ಸಂಖ್ಯೆ 8204. ಕೆಲವು ಕೀಬೋರ್ಡ್ ಅದನ್ನು ತಾನೇ ಹಾಕುತ್ತದೆ, ಕೆಲವು ಹಾಕುವುದಿಲ್ಲ. ಪದದ ಕೊನೆಯಲ್ಲಿ ಅರ್ಧಾಕ್ಷರ ಇದ್ದರಂತೂ ಅದು ಇದ್ದರೂ ಇಲ್ಲದಿದ್ದರೂ ನೋಡಲು ವ್ಯತ್ಯಾಸವೇ ಇರುವುದಿಲ್ಲ. ಮೊಬೈಲ್‌ನಲ್ಲಿ ಒಂದು ಸಾಲು, ಕಂಪ್ಯೂಟರ್‌ನಲ್ಲಿ ಇನ್ನೊಂದು ಸಾಲು ಬರೆದಿದ್ದೀರಿ ಎಂದು ನನ್ನ ಊಹೆ.

ಪರೀಕ್ಷೆ ಸುಲಭ. ಎರಡೂ ಸೆಲ್‌ಗೆ ಲೆನ್ ಹಾಕಿ, ಅದು ಅಕ್ಷರ ಎಷ್ಟಿವೆ ಎಂದು ಎಣಿಸುತ್ತದೆ. ಸಂಖ್ಯೆ ಬೇರೆ ಬಂದರೆ ಅದೇ ಕಳ್ಳ. ಕೊನೆಯಲ್ಲಿ ಒಂದು ಖಾಲಿ ಜಾಗ ಉಳಿದಿದ್ದರೂ ಹೀಗೇ ಆಗುತ್ತದೆ. ಟ್ರಿಮ್ ಖಾಲಿ ಜಾಗವನ್ನು ತೆಗೆಯುತ್ತದೆ, ಈ ಕಾಣದ ಅಕ್ಷರವನ್ನು ತೆಗೆಯುವುದಿಲ್ಲ. ಅದಕ್ಕೆ ಸಬ್‌ಸ್ಟಿಟ್ಯೂಟ್ ಮತ್ತು ಯೂನಿಚಾರ್ ಜೋಡಿಸಿ 8204 ಅನ್ನು ಅಳಿಸಬೇಕು.

ಆದರೆ ನಾನಾದರೆ ಆ ಗೋಜಿಗೇ ಹೋಗುವುದಿಲ್ಲ. ಡೇಟಾ ವ್ಯಾಲಿಡೇಶನ್‌ನಲ್ಲಿ ಡ್ರಾಪ್‌ಡೌನ್ ಮಾಡಿ. ಹೆಸರುಗಳನ್ನು ಒಂದೇ ಕಡೆ ಒಂದೇ ಸಲ ಬರೆದು, ಉಳಿದ ಕಡೆಯೆಲ್ಲ ಆ ಪಟ್ಟಿಯಿಂದ ಆರಿಸಿ. ನಮ್ಮ ಸ್ಟೋರ್‌ನಲ್ಲಿ ಪ್ರತಿ ಬೋಲ್ಟಿಗೂ ಕೋಡ್ ಇರುವುದು ಇದೇ ಕಾರಣಕ್ಕೆ. ಒಬ್ಬೊಬ್ಬರು ಒಂದೊಂದು ಥರ ಬರೆದರೆ ಬೋಲ್ಟ್ ಇದ್ದೂ ಇಲ್ಲದ ಹಾಗೆ.

ವಿಲುಕಪ್ (ಹೆಸರು ಹುಡುಕಿ ಅದೇ ಸಾಲಿನ ಸಂಖ್ಯೆ ತರುವ ಫಾರ್ಮುಲಾ) ಬಳಸುವವರಿಗೂ ಒಂದು ಮಾತು. ಕೊನೆಯಲ್ಲಿ ಫಾಲ್ಸ್ ಎಂದು ಹಾಕದಿದ್ದರೆ ಅದು ಹತ್ತಿರದ ಹೆಸರನ್ನು ಹಿಡಿದುಕೊಂಡು ಬರುತ್ತದೆ. ಸೊನ್ನೆ ಬಂದರೆ ಅನುಮಾನವಾದರೂ ಬರುತ್ತದೆ, ಇಲ್ಲಿ ಬೇರೆ ಐಟಂನ ಸಂಖ್ಯೆ ಬಂದು ಕೂತಿರುತ್ತದೆ. ಎಕ್ಸ್‌ಲುಕಪ್ ಇದ್ದರೆ ಅದನ್ನೇ ಬಳಸಿ, ಅದು ತಾನಾಗಿಯೇ ಸರಿಯಾದ ಹೆಸರನ್ನೇ ಹುಡುಕುತ್ತದೆ.

ಪ್ರಶ್ನೆ: ಈವ್ ಆನ್‌ಲೈನ್‌ನಲ್ಲಿ ಖನಿಜ ನಾನೇ ಅಗೆಯುತ್ತೇನೆ. ಹಾಗಾಗಿ ಹಡಗು ಕಟ್ಟುವುದಕ್ಕೆ ನನಗೆ ಖರ್ಚೇ ಇಲ್ಲ. ಶೀಟಿನಲ್ಲಿ ಸಾಮಗ್ರಿಯ ಬೆಲೆ ಸೊನ್ನೆ ಹಾಕಿದ್ದೇನೆ. ಮಾರಿದ್ದೆಲ್ಲ ಲಾಭ. ಗೆಳೆಯ ಒಪ್ಪುವುದಿಲ್ಲ. ನೀವೇ ಹೇಳಿ.
— ಗಣಿಧಣಿ

ಉತ್ತರ: ಗೆಳೆಯ ಸರಿ. ಧಣಿಗಳೇ, ನೀವು ಅಗೆದ ಟ್ರಿಟಾನಿಯಂ ಅನ್ನು ಹಾಗೇ ಮಾರಿದರೂ ದುಡ್ಡು ಬರುತ್ತದಲ್ಲ? ಹಡಗಿಗೆ ಹಾಕಿದರೆ ಆ ದುಡ್ಡು ಬರುವುದಿಲ್ಲ. ಅದೇ ಅದರ ಬೆಲೆ.

ಒಂದು ಹಡಗಿಗೆ ಹೋಗುವ ಖನಿಜವನ್ನು ಮಾರಿದರೆ 10 ಲಕ್ಷ ಐಎಸ್‌ಕೆ (ಆ ಆಟದ ದುಡ್ಡು) ಬರುತ್ತದೆ, ಕಟ್ಟಿದ ಹಡಗು 9 ಲಕ್ಷಕ್ಕೆ ಹೋಗುತ್ತದೆ ಎಂದುಕೊಳ್ಳಿ. ನಿಮ್ಮ ಶೀಟ್ 9 ಲಕ್ಷ ಲಾಭ ಎಂದು ಬರೆಯುತ್ತದೆ. ನಿಜವಾಗಿ ನೀವು 1 ಲಕ್ಷ ಕಳೆದುಕೊಂಡು, ಮೇಲೆ ಕಟ್ಟುವ ಸಮಯವನ್ನೂ ಕೊಟ್ಟಿದ್ದೀರಿ. ಆ ಹಡಗನ್ನು ಮಾರುಕಟ್ಟೆಗೆ ಕಮ್ಮಿ ಬೆಲೆಗೆ ಬಿಡುತ್ತಿರುವವರೂ ನಿಮ್ಮ ಹಾಗೇ ಸೊನ್ನೆ ಬರೆದವರೇ ಇರಬೇಕು.

ಹಾಗಾಗಿ ಸಾಮಗ್ರಿಯ ಬೆಲೆಯ ಕಾಲಂನಲ್ಲಿ, ಈಗ ಮಾರಿದರೆ ಕೈಗೆ ಎಷ್ಟು ಬರುತ್ತದೋ ಅದನ್ನು ಹಾಕಿ. ಕೈಗೆ ಬರುವುದು ಎಂದೆ, ಬೋರ್ಡಿನ ಮೇಲಿನ ಬೆಲೆ ಎಂದಲ್ಲ. ತೆರಿಗೆ, ಕಮಿಷನ್ ಕಳೆಯಿರಿ. ವರ್ಲ್ಡ್ ಆಫ್ ವಾರ್‌ಕ್ರಾಫ್ಟ್ ಆಡುವವರು ಹರಾಜು ಮನೆಯ ಶೇಕಡಾ 5 ಕಳೆಯುವುದನ್ನು ಮರೆಯುತ್ತಲೇ ಇರುತ್ತಾರೆ. ತೆಳು ಲಾಭದ ಐಟಂನಲ್ಲಿ ಆ ಐದೇ ಎಲ್ಲವನ್ನೂ ತಿಂದುಹಾಕುತ್ತದೆ.

ಒಂದು ಬಿಟ್ಟುಹೋಗಬಾರದ ಮಾತು: ಅಗೆಯುವುದು, ಕಟ್ಟುವುದು ನಿಮಗೆ ಖುಷಿ ಕೊಟ್ಟರೆ ನಷ್ಟದಲ್ಲೇ ಕಟ್ಟಿ. ನಾನೂ ಕಟ್ಟುತ್ತೇನೆ. ನಷ್ಟವೆಂದು ಶೀಟಿಗೆ ಗೊತ್ತಿದ್ದರೆ ಸಾಕು.

ಪ್ರಶ್ನೆ: ನಮ್ಮ ಗಿಲ್ಡ್‌ನಲ್ಲಿ (ಒಟ್ಟಿಗೆ ಆಡುವ ತಂಡದಲ್ಲಿ) ಎಂಟು ಜನ, ಒಂದು ಹಂಚಿಕೊಂಡ ಗೂಗಲ್ ಶೀಟ್. ಒಬ್ಬರು 200 ಎಂದು ಬರೆಯುತ್ತಾರೆ, ಅದೇ ಹೊತ್ತಿಗೆ ಇನ್ನೊಬ್ಬರು 150 ಎಂದು ತಿದ್ದುತ್ತಾರೆ. ಮತ್ತೆ ಒಬ್ಬ ಇದ್ದಾನೆ, ವಜ್ರ ತೆಗೆದುಕೊಳ್ಳುತ್ತಾನೆ, ಬರೆಯುವುದಿಲ್ಲ. ಯಾರು ಅಂತ ಎಲ್ಲರಿಗೂ ಗೊತ್ತು. ಏನು ಮಾಡಲಿ ಅಕ್ಕ?
— ಗಿಲ್ಡಿನ ಗುಮಾಸ್ತೆ

ಉತ್ತರ: ಮೊದಲು ಶೀಟಿನ ಮಾತು. ಒಟ್ಟು ಮೊತ್ತವನ್ನು ಯಾರೂ ಕೈಯಿಂದ ತಿದ್ದಬಾರದು. ಆ ಕಾಲಂಗೆ ಬೀಗ ಹಾಕಿ, ಪ್ರೊಟೆಕ್ಟೆಡ್ ರೇಂಜ್ ಎಂದು ಇದೆ. ಎಲ್ಲರೂ ಬರೆಯುವುದು ಇನ್ನೊಂದು ಟ್ಯಾಬ್‌ನಲ್ಲಿ: ತಾರೀಕು, ಯಾರು, ಐಟಂ, ಎಷ್ಟು. ಹಾಕಿದ್ದು ಹಾಗೇ, ತೆಗೆದದ್ದಕ್ಕೆ ಮುಂದೆ ಮೈನಸ್. ಮೊತ್ತವನ್ನು ಸಮ್‌ಇಫ್ ಲೆಕ್ಕ ಹಾಕಿಕೊಳ್ಳುತ್ತದೆ. ಹಳೆಯ ಸಾಲು ತಪ್ಪಾಗಿದ್ದರೆ ಅಳಿಸದೆ, ಸರಿಮಾಡುವ ಹೊಸ ಸಾಲು ಬರೆಯಿರಿ. ಸ್ಟೋರ್‌ನಲ್ಲಿ ಬಿನ್ ಕಾರ್ಡಿನ (ಮಾಲಿನ ಲೆಕ್ಕ ಬರೆಯುವ ಕಾರ್ಡಿನ) ಮೇಲೆ ವೈಟ್ನರ್ ಬಳಸಿದರೆ ಆಡಿಟ್‌ನವರು ಕೇಳುವ ಮೊದಲ ಪ್ರಶ್ನೆಯೇ ಅದು.

ಬರೆಯುವುದು ಸುಲಭವಿರಬೇಕು. ಆಟದ ಮಧ್ಯೆ ಶೀಟ್ ತೆರೆದು, ಕೊನೆಯ ಸಾಲು ಹುಡುಕಿ, ನಾಲ್ಕು ಕಾಲಂ ತುಂಬಿ ಎಂದರೆ ಯಾರೂ ತುಂಬುವುದಿಲ್ಲ. ಒಂದು ಗೂಗಲ್ ಫಾರ್ಮ್ ಮಾಡಿ, ಅದರ ಉತ್ತರ ನೇರ ಶೀಟಿಗೆ ಬೀಳಲಿ. ಮೊಬೈಲ್‌ನಲ್ಲಿ ಎರಡು ಸಲ ಆರಿಸಿ ಒಂದು ಸಂಖ್ಯೆ ಹಾಕಿದರೆ ಮುಗಿಯಬೇಕು. ತಾರೀಕನ್ನು ಫಾರ್ಮೇ ಹಾಕಿಕೊಳ್ಳುತ್ತದೆ.

ಸಂಖ್ಯೆಯನ್ನು ಬಿಡಿಬಿಡಿಯಾಗಿಯೇ ಬರೆಯಲು ಹೇಳಿ, "ಎರಡು ಸ್ಟ್ಯಾಕ್" ಎಂದಲ್ಲ. ಮೈನ್‌ಕ್ರಾಫ್ಟ್‌ನಲ್ಲಿ ಕಲ್ಲು 64ರ ಸ್ಟ್ಯಾಕ್, ಎಂಡರ್ ಪರ್ಲ್ 16ರ ಸ್ಟ್ಯಾಕ್. ದೊಡ್ಡ ಪೆಟ್ಟಿಗೆಯಲ್ಲಿ 54 ಜಾಗ. ಕಲ್ಲಾದರೆ 3,456 ಹಿಡಿಯುತ್ತದೆ, ಪರ್ಲ್ ಆದರೆ 864 ಮಾತ್ರ. "64 ಇದೆ" ಎಂದು ಅಕ್ಷರ ಸೇರಿಸಿ ಬರೆಯುವವರೂ ಇರುತ್ತಾರೆ. ಅದು ಕೂಡುವುದಿಲ್ಲ. ಫಾರ್ಮ್‌ನಲ್ಲಿ ಸಂಖ್ಯೆ ಮಾತ್ರ ಒಪ್ಪುವ ಹಾಗೆ ಮಾಡಿ.

ಮತ್ತೆ ಆಗಾಗ ಎಣಿಸಿ. ಎಲ್ಲವನ್ನೂ ಬೇಡ, ಬೆಲೆಬಾಳುವ ನಾಲ್ಕೈದು ಐಟಂ ಸಾಕು. ಶೀಟಿಗೂ ಪೆಟ್ಟಿಗೆಗೂ ಎಷ್ಟು ವ್ಯತ್ಯಾಸವೋ ಅದನ್ನೇ "ಎಣಿಕೆ ವ್ಯತ್ಯಾಸ" ಎಂದು ಒಂದು ಸಾಲು ಹಾಕಿ ಮುಂದೆ ಹೋಗಿ. ಕಾರಣ ಹುಡುಕುತ್ತಾ ಕೂತರೆ ಆಟ ಯಾವಾಗ ಆಡುವುದು?

ಇನ್ನು ಆ ವಜ್ರದ ಹುಡುಗ. ಫಾರ್ಮುಲಾದಲ್ಲಿ ಇದಕ್ಕೆ ಮದ್ದಿಲ್ಲ. ಫಾರ್ಮ್ ಸುಲಭ ಮಾಡಿದ ಮೇಲೆ ಒಂದೆರಡು ವಾರ ನೋಡಿ, ಬರೆಯುವುದೇ ಬೇಜಾರಾಗಿದ್ದವರು ಅಷ್ಟರಲ್ಲಿ ಸರಿಹೋಗುತ್ತಾರೆ. ಆಮೇಲೂ ಹಾಗೇ ಇದ್ದರೆ ವಜ್ರವನ್ನು ಸಾಮಾನ್ಯ ಪೆಟ್ಟಿಗೆಯಿಂದ ತೆಗೆದು ಒಬ್ಬರ ಕೈಗೆ ಕೊಡಿ. ಬೇಕಾದವರು ಕೇಳಿ ತೆಗೆದುಕೊಳ್ಳಲಿ. ಎಲ್ಲರ ಮುಂದೆ ಶೀಟ್ ತೆರೆದು "ಇದು ಯಾರದು" ಎಂದು ಕೇಳಬೇಡಿ. ಗಿಲ್ಡ್ ಒಡೆಯುವುದು ವಜ್ರಕ್ಕಲ್ಲ, ಇಂಥದ್ದಕ್ಕೆ.

ಪ್ರಶ್ನೆ: ಓಲ್ಡ್ ಸ್ಕೂಲ್ ರೂನ್‌ಸ್ಕೇಪ್‌ನಲ್ಲಿ ಕಬ್ಬಿಣದ ಅದಿರು ಕರಗಿಸಿದರೆ ಅರ್ಧ ಹಾಳಾಗುತ್ತದೆ. 100 ಗಟ್ಟಿಗೆ 200 ಅದಿರು ಎಂದು ಶೀಟ್ ಹೇಳಿತು. 200 ತಂದೆ, 91 ಗಟ್ಟಿ ಬಂತು. ಶೀಟ್ ಸುಳ್ಳು ಹೇಳುತ್ತದೆಯೇ?
— ಕುಲುಮೆ

ಉತ್ತರ: ಸುಳ್ಳಲ್ಲ, ಸರಾಸರಿ. ಸಾಮಾನ್ಯ ಕುಲುಮೆಯಲ್ಲಿ ಒಂದು ಅದಿರು ಗಟ್ಟಿಯಾಗುವ ಅವಕಾಶ ಶೇಕಡಾ 50. 200 ಅದಿರು ತಂದರೆ ಸುಮಾರು ಅರ್ಧದಷ್ಟು ಸಲ ನೂರು ಮುಟ್ಟುವುದೇ ಇಲ್ಲ. 91 ಬಂದದ್ದರಲ್ಲಿ ವಿಶೇಷವೇನೂ ಇಲ್ಲ. 100 ಗಟ್ಟಿ ಬೇಕೇ ಬೇಕು ಎಂದಿದ್ದರೆ 230ರ ಹತ್ತಿರ ತನ್ನಿ, ಕೊರತೆ ಬೀಳುವುದು ತೀರಾ ಅಪರೂಪ. ಶೀಟಿನಲ್ಲಿ "ಸರಾಸರಿ", "ಧೈರ್ಯಕ್ಕೆ" ಎಂದು ಎರಡು ಕಾಲಂ ಇಡಿ. ರಿಂಗ್ ಆಫ್ ಫೋರ್ಜಿಂಗ್ ಹಾಕಿಕೊಂಡರೆ ಯಾವುದೂ ಹಾಳಾಗುವುದಿಲ್ಲ, ಆದರೆ ಒಂದು ಉಂಗುರ 140 ಗಟ್ಟಿಗೆ ಮಾತ್ರ. ಅದರ ಬೆಲೆಯನ್ನು ಹಾಳಾಗುವ ಅದಿರಿನ ಬೆಲೆಯ ಪಕ್ಕದಲ್ಲಿಟ್ಟು ನೋಡಿ. ಉತ್ತರ ಬೆಲೆಯ ಜತೆ ಬದಲಾಗುತ್ತಿರುತ್ತದೆ.

ನೂರಕ್ಕೊಂದು ಬೀಳುವ ಅಪರೂಪದ ಐಟಂ ಹಿಂದೆ ಬಿದ್ದವರೂ ಇದೇ ಲೆಕ್ಕ ನೋಡಿ. ನೂರು ಸಲ ಕೊಂದರೆ ಬಂದೇ ಬರುತ್ತದೆ ಎಂದೇನಿಲ್ಲ. ನೂರು ಸಲಕ್ಕೆ ಒಂದಾದರೂ ಸಿಗುವ ಸಾಧ್ಯತೆ ಶೇಕಡಾ 63 ಮಾತ್ರ. ಶೇಕಡಾ 95 ಮುಟ್ಟಬೇಕಾದರೆ ಸುಮಾರು 300 ಸಲ. "ಇಷ್ಟು ಹೊತ್ತಿಗೆ ಬರಬೇಕಿತ್ತು" ಎಂಬ ಕಾಲಂ ಶೀಟಿನಲ್ಲಿ ಹಾಕಲೇಬೇಡಿ, ಮನಸ್ಸು ಕೆಡುತ್ತದೆ.

ಪ್ರಶ್ನೆ: ವಾರ್‌ಫ್ರೇಮ್‌ನಲ್ಲಿ ಸಾಮಗ್ರಿ ಎಲ್ಲ ಇರುತ್ತದೆ. ಆದರೂ ಶನಿವಾರ ರಾತ್ರಿ ಆಡುವ ಹೊತ್ತಿಗೆ ಹೊಸ ಫ್ರೇಮ್ (ಆ ಆಟದಲ್ಲಿ ಕಟ್ಟಿಕೊಳ್ಳುವ ಪಾತ್ರ) ರೆಡಿ ಇರುವುದಿಲ್ಲ.
— ಕಾದು ಕಾದು

ಉತ್ತರ: ನಿಮಗೆ ಕೊರತೆ ಇರುವುದು ಗಂಟೆಗಳದ್ದು. ಫ್ರೇಮ್‌ನ ಭಾಗಗಳಿಗೆ ಸಾಮಾನ್ಯವಾಗಿ 12 ಗಂಟೆ, ಮೂರನ್ನೂ ಒಟ್ಟಿಗೆ ಹಾಕಬಹುದು. ಆಮೇಲೆ ಫ್ರೇಮ್‌ಗೆ 72 ಗಂಟೆ. ಒಟ್ಟು 84. ಶನಿವಾರ ರಾತ್ರಿ 8ಕ್ಕೆ ಬೇಕಾದರೆ ಬುಧವಾರ ಬೆಳಿಗ್ಗೆ 8ಕ್ಕೆ ಭಾಗಗಳನ್ನು ಹಾಕಿರಬೇಕು. ಅದೇ ಬುಧವಾರ ರಾತ್ರಿ 8ಕ್ಕೆ ಬಂದು ಫ್ರೇಮ್ ಹಾಕುವುದನ್ನು ಮರೆತರೆ ಅಲ್ಲೇ ಮುಂದೆ ಹೋಯಿತು. ಶೀಟಿನಲ್ಲಿ ಒಂದು ದಿನ ಎಂದರೆ 1, ಹಾಗಾಗಿ ಗಂಟೆಯನ್ನು 24ರಿಂದ ಭಾಗಿಸಿ ಬೇಕಾದ ಸಮಯದಿಂದ ಕಳೆಯಿರಿ. "ಕೊನೆಯ ಗಡುವು" ಎಂಬ ಕಾಲಂ ತಯಾರು.

ಪ್ರಶ್ನೆ: ಹೀಗೆ ಶೀಟ್ ಇಟ್ಟು ಆಡುವುದು ಮೋಸ ಅಲ್ಲವೇ?
— ನೇರ ಮನುಷ್ಯ

ಉತ್ತರ: ಅಲ್ಲ. ನೀವು ನೋಡಿ, ನೀವೇ ಬರೆದು, ನೀವೇ ಆಡುತ್ತಿದ್ದೀರಿ. ಈವ್ ಆನ್‌ಲೈನ್ ಮಾಡುವ ಸಿಸಿಪಿ ಕಂಪನಿಯಂತೂ ಎಕ್ಸೆಲ್‌ಗೆ ಆಟದ ಮಾಹಿತಿ ನೇರ ತರುವ ಸೌಲಭ್ಯವನ್ನು ಮೈಕ್ರೋಸಾಫ್ಟ್ ಜತೆ ಸೇರಿ ಮಾಡುವುದಾಗಿ 2022ರಲ್ಲಿ ಘೋಷಿಸಿ, 2023ರಲ್ಲಿ ಬಿಟ್ಟಿತು. ಆ ಆಟವನ್ನು "ಬಾಹ್ಯಾಕಾಶದ ಸ್ಪ್ರೆಡ್‌ಶೀಟ್" ಎಂದು ಜನ ತಮಾಷೆ ಮಾಡುತ್ತಲೇ ಇದ್ದರು, ಅವರು ಅದನ್ನೇ ಗಂಭೀರವಾಗಿ ತೆಗೆದುಕೊಂಡರು. ಪರದೆಯನ್ನು ತಾನೇ ಓದಿ, ತಾನೇ ಗುಂಡಿ ಒತ್ತುವ ಪ್ರೋಗ್ರಾಂ ಬೇರೆ ವಿಷಯ. ಅದಕ್ಕೆ ಖಾತೆಯೇ ಹೋಗಬಹುದು.

ಪ್ರಶ್ನೆ: ನನ್ನ ಮಗನಿಗೆ ಹದಿನಾಲ್ಕು. ಆಟಕ್ಕಿಂತ ಜಾಸ್ತಿ ಹೊತ್ತು ಎಕ್ಸೆಲ್‌ನಲ್ಲಿ ಇರುತ್ತಾನೆ. ಸಂತೋಷಪಡಬೇಕೋ ಚಿಂತೆ ಮಾಡಬೇಕೋ ಗೊತ್ತಾಗುತ್ತಿಲ್ಲ.
— ಒಬ್ಬ ತಾಯಿ

ಉತ್ತರ: ಅಮ್ಮ, ಒಂದು ದಿನ ಅವನ ಪಕ್ಕ ಕೂತು "ಈ ಸಂಖ್ಯೆ ಎಲ್ಲಿಂದ ಬಂತು" ಎಂದು ಯಾವುದಾದರೂ ಒಂದು ಸೆಲ್ ತೋರಿಸಿ ಕೇಳಿ. ತಾನೇ ಕಟ್ಟಿದ ಫಾರ್ಮುಲಾ ಆದರೆ ಅರ್ಧ ಗಂಟೆ ವಿವರಿಸುತ್ತಾನೆ, ನಿಮಗೆ ಸಾಕಾಗಿಹೋಗುತ್ತದೆ. ಬೇರೆಯವರ ಶೀಟನ್ನು ತಂದು ಸುಮ್ನೆ ಬಣ್ಣ ಹಚ್ಚುತ್ತಾ ಕೂತಿದ್ದರೆ ಅದೂ ಗೊತ್ತಾಗುತ್ತದೆ. ನಿದ್ದೆಗೆ ಹೊತ್ತಾದರೆ ಎರಡನ್ನೂ ಮುಚ್ಚಿಸಿ.

ಮುಂದಿನ ಸಂಚಿಕೆಗೆ ಶೀಟಿನ ಚಿತ್ರ ಕಳಿಸುವವರು ಸಾಲಿನ ಸಂಖ್ಯೆ, ಕಾಲಂನ ಅಕ್ಷರ ಎರಡೂ ಕಾಣುವ ಹಾಗೆ ಕಳಿಸಿ. ತಪ್ಪು ತೋರಿಸುವ ಸೆಲ್ ಮೇಲೆ ಒಮ್ಮೆ ಕ್ಲಿಕ್ ಮಾಡಿಟ್ಟರೆ ಫಾರ್ಮುಲಾ ಮೇಲಿನ ಪಟ್ಟಿಯಲ್ಲಿ ಕಾಣುತ್ತದೆ. ಬರೀ ಉತ್ತರದ ಚಿತ್ರ ನೋಡಿ ಏನೂ ಹೇಳಲಾಗದು. ಯಾವ ಆಟ ಎಂದು ಬರೆಯದೆ ಕಳಿಸಿದ ಮೂವರು ದಯವಿಟ್ಟು ಇನ್ನೊಮ್ಮೆ ಬರೆಯಿರಿ.